ಮೊದಲಿನಂಗ ಇಲ್ಲ ಬಿಡು

ಶ್ರಾವಣ ಬಂದರೆ ಆಳಂದ ಸೀಮೆಯ ಕಡಗಂಚಿಯ ಹುಡುಗರಾದ ನಮಗೆ ಮನೆಯಲ್ಲಿ ನಿದ್ದೆ ಹತ್ತುತ್ತಿರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಒಲಿಯ ಮುಂದೆಯೇ ಕೂತು ಬಿಸಿ ಜ್ವಾಳದ ರೊಟ್ಟಿ, ಪುಂಡಿಪಲ್ಯ, ಅದರ ಮೇಲೊಂದಿಷ್ಟು ಶೇಂಗಾ ಹಿಂಡಿ ಉಂಡು, ಕೈ ಒರೆಸಿಕೊಳ್ಳುತ್ತಲೇ ಗುಡಿಯ ಕಡೆ ಓಡಿದರೆ, ಅಲ್ಲಿ ಮುತ್ಯಾಗಳು ಆಗಲೇ ಕಂಬಳಿ ಹಾಸಿ ಕೂತಿರುತ್ತಿದ್ದರು. ಒಬ್ಬರು ಪೇಟಿಯ ಮೇಲಿನ ಅರಿವೆ ತೆಗೆದು ಸಂದಿನ ಧೂಳು ಊದುತ್ತಿದ್ದರು, ಇನ್ನೊಬ್ಬರು ಡಗ್ಗಾ ಕಿವಿಯ ಹತ್ತಿರ ಹಿಡಿದು ತಟ್ಟಿ ನೋಡುತ್ತಿದ್ದರು, ಮತ್ತೊಬ್ಬರು ಎಲಿ ಅಡಕಿ ಚೀಲ ಬಿಚ್ಚಿ ಸುಣ್ಣದ ಡಬ್ಬಿ ಹುಡುಕುತ್ತಿದ್ದರು. ಊದಿನಕಡ್ಡಿಯ ಹೊಗೆ, ಎಣ್ಣೆ ಬತ್ತಿಯ ಕಮರು, ಜಿಟಿಜಿಟಿ ಮಳೆಗೆ ನೆಂದ ಕಂಬಳಿಯ ವಾಸನೆ, ಹೊರಗಿನ ಎರಿ ಮಣ್ಣಿನ ಹಸಿ ಕಂಪು, ಇಷ್ಟೂ ಒಂದರೊಳಗೊಂದು ಕೂಡಿದ ಆ ಗುಡಿಯಲ್ಲಿ ತಾಳ ಯಾರ ಕೈಗೆ ಸಿಗಬೇಕೆಂದು ನಮ್ಮ ನಮ್ಮೊಳಗೆ ಗುದ್ದಾಟ. ಸಿಗದವರು ಕಂಬಕ್ಕೆ ಆತು ಕೂತು ಚಪ್ಪಾಳೆ ಹೊಡೆಯುತ್ತಿದ್ದರು. ಹೊಡೆಯುತ್ತ ಹೊಡೆಯುತ್ತ ಅಲ್ಲೇ ವಾಲಿ ಮಲಗಿಬಿಟ್ಟವರನ್ನು ನಸುಕಿನಲ್ಲಿ ಅವ್ವಂದಿರು ಬಂದು ಕೌದಿಯಲ್ಲಿ ಸುತ್ತಿ ಹೊತ್ತೊಯ್ಯುತ್ತಿದ್ದರು.

ನಮಗೆ ಆಗ ಪದ ಬರೆದವರು ಯಾರು ಎನ್ನುವ ಗೊಡವೆ ಇರಲಿಲ್ಲ. ಅಫಜಲಪುರ ಸೀಮೆಯ ಬಿದನೂರಿನಲ್ಲಿ ಹುಟ್ಟಿ ಜೇವರ್ಗಿ ಸೀಮೆಯ ಕಡಕೋಳದಲ್ಲಿ ನೆಲೆ ನಿಂತ ಮಡಿವಾಳಪ್ಪನ ಪದ, ಅವನ ಶಿಷ್ಯ ಚೆನ್ನೂರ ಜಲಾಲಸಾಹೇಬನ ಪದ, ದೂರದ ಶಿಶುನಾಳದ ಶರೀಫಜ್ಜನ ಪದ, ಎಲ್ಲವೂ ಮುತ್ಯಾನ ಬಾಯಿಂದಲೇ ಬಂದದ್ದು, ಹಾಗಾಗಿ ಎಲ್ಲವೂ ಮುತ್ಯಾನವೇ ಎಂದು ನಂಬಿದ್ದೆವು. ಹಗಲಲ್ಲಿ ಅವೇ ಪದಗಳು ಆಯಿಯ ಬಾಯಿಗೆ ಬರುತ್ತಿದ್ದವು. ತೊಗರಿ ಒಡೆಯಲು ಬೀಸುಕಲ್ಲಿನ ಮುಂದೆ ಕಾಲು ಚಾಚಿ ಕೂತರೆ ಆಯಿ ಹಾಡದೆ ಗೂಟ ತಿರುಗಿಸಿದ್ದಿಲ್ಲ. ಕಲ್ಲು ಒಂದು ಸುತ್ತು ಬರುವಷ್ಟು ಹೊತ್ತಿಗೆ ಒಂದು ಸಾಲು ಮುಗಿಯಬೇಕು, ಕಾಳು ಹಾಕುವಾಗ ಉಸಿರು ತೆಗೆದುಕೊಳ್ಳಬೇಕು. ಗುಡಿಯಲ್ಲಿ ಓಡುತ್ತಿದ್ದ ಪದ ಪಡಸಾಲಿಯಲ್ಲಿ ನಡೆಯುತ್ತಿತ್ತು. ಒಂದೇ ಪದ ಎರಡು ನಡಿಗೆ ನಡೆಯುತ್ತದೆ ಎನ್ನುವುದು ನಮ್ಮ ಕಿವಿಗೆ ಹೀಗೆ ಕಲಿಸದೆಯೇ ಬಂತು.

ಶರೀಫಜ್ಜನ ಸೋರುವ ಮಾಳಿಗಿಯ ಪದವಂತೂ ನಮ್ಮ ಮನೆಗೇ ಕಟ್ಟಿದ್ದಿರಬೇಕು ಅಂದುಕೊಂಡಿದ್ದೆವು. ಮಣ್ಣಿನ ಮಾಳಿಗಿ, ಮಳೆಗಾಲಕ್ಕೆ ಮುಂಚೆ ಹೊಸ ಮಣ್ಣು ಹೊತ್ತು ಹಾಕಿ ತುಳಿದು ಗಟ್ಟಿ ಮಾಡುವುದು ಹುಡುಗರ ಪಾಲಿನ ಕೆಲಸ. ಎಷ್ಟು ತುಳಿದರೂ ಹತ್ತಿದ ಮಳೆ ಬಿಡದಿದ್ದಾಗ ಒಂದೊಂದು ಮೂಲೆಯಿಂದ ತೊಟ್ಟಿಕ್ಕಲು ಶುರುವಾಗುತ್ತಿತ್ತು. ಆಗ ಬೋಗುಣಿ, ತಂಬಿಗಿ, ಪರಾತ, ಕೈಗೆ ಸಿಕ್ಕಿದ್ದನ್ನೆಲ್ಲ ಒಯ್ದು ಇಡಬೇಕು. ತಂಬಿಗಿಯಲ್ಲಿ ಬಿದ್ದ ಹನಿಗೆ ಒಂದು ನಾದ, ಪರಾತದಲ್ಲಿ ಬಿದ್ದದ್ದಕ್ಕೆ ಒಂದು. ನೀರು ತುಂಬಿದಂತೆ ನಾದ ಬದಲಾಗುತ್ತಿತ್ತು. ಹೊರಸಿನ ಮೇಲೆ ಒಬ್ಬರ ಮೈಗೊಬ್ಬರು ಹತ್ತಿ ಮಲಗಿ ಅದನ್ನೇ ಕೇಳುತ್ತಿದ್ದ ನಮಗೆ ಮುತ್ಯಾ ಕತ್ತಲಲ್ಲೇ ಆ ಪದ ಎತ್ತುತ್ತಿದ್ದ. ಸೋರುವುದು ಮಾಳಿಗಿ ಅಲ್ಲ, ಈ ದೇಹ, ಈ ಬುದ್ಧಿ ಎಂದು ಬಿಡಿಸಿ ಹೇಳುವ ಗೋಜಿಗೆ ಅವನು ಹೋಗಲಿಲ್ಲ. ವಯಸ್ಸು ಅದನ್ನು ಹೇಳಿಕೊಟ್ಟಿತು.

ಮನೆಗೆ ಟೇಪ್ ಬಂದದ್ದು ಸೊಲ್ಲಾಪುರಕ್ಕೆ ದುಡಿಯಲು ಹೋಗಿದ್ದ ಕಾಕಾನಿಂದ. ಅದರ ಸಂಗಡ ಸಿ. ಅಶ್ವಥ್ ಹಾಡಿದ ಶರೀಫಜ್ಜನ ಪದಗಳ ಕ್ಯಾಸೆಟ್. 1990ರಲ್ಲಿ ನಾಗಾಭರಣರ ಶರೀಫರ ಸಿನಿಮಾ ಬಂದ ಮೇಲೆ ಆ ಪದಗಳು ಊರೂರಿಗೆ ಹರಡಿದ್ದವು. ಕರೆಂಟು ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಹಾಗಾಗಿ ಸೆಲ್ಲು ಹಾಕಿ ಹಚ್ಚಬೇಕು. ಸೆಲ್ಲು ಸೋತು ಅಶ್ವಥ್ ಅವರ ದನಿ ಎಳೆದೆಳೆದು ದಪ್ಪಗಾಗತೊಡಗಿದರೆ ಸೆಲ್ಲು ತೆಗೆದು ಹಲ್ಲಿನಿಂದ ಒಂದು ಕಡಿತ ಕಡಿದು, ಮಾಳಿಗಿ ಹತ್ತಿ, ಹಪ್ಪಳ ಸಂಡಿಗಿ ಒಣಹಾಕಿದ ಅರಿವೆಯ ಅಂಚಿನಲ್ಲಿ ಸಾಲಾಗಿ ಬಿಸಿಲಿಗೆ ಇಡುತ್ತಿದ್ದೆವು. ಕಾಗೆ ಕಾಯುವುದು ಹಪ್ಪಳಕ್ಕೋ ಸೆಲ್ಲಿಗೋ ಎಂದು ಅವ್ವ ಕೇಳುತ್ತಿದ್ದಳು. ಮಧ್ಯಾಹ್ನದ ಬಿಸಿಲು ಕುಡಿದ ಸೆಲ್ಲು ಸಂಜೆಗೆ ಒಂದು ಮಗ್ಗಲು ಹಾಡುತ್ತಿತ್ತು. ರೀಲು ಸಿಕ್ಕಿಕೊಂಡರೆ ಪೆನ್ಸಿಲು ತೂರಿಸಿ ಸುತ್ತಬೇಕು, ಹರಿದರೆ ಉಗುರಬಣ್ಣ ಹಚ್ಚಿ ಅಂಟಿಸಬೇಕು. ಅಂಟಿಸಿದ ಜಾಗದಲ್ಲಿ ಒಂದು ಅಕ್ಷರ ಯಾವಾಗಲೂ ನುಂಗಿ ಹೋಗುತ್ತಿತ್ತು, ನಾವೂ ಆ ಅಕ್ಷರ ನುಂಗಿಯೇ ಹಾಡುತ್ತಿದ್ದೆವು.

ಮೊದಲ ಜಗಳ ಎದ್ದದ್ದು ಆಗಲೇ. ಕಾಕಾ ಕಟ್ಟಿಯ ಮೇಲೆ ಟೇಪ್ ಇಟ್ಟು ದನಿ ಏರಿಸಿದರೆ ಭಜನಿಯ ಹಿರಿಯರೊಬ್ಬರು ಬಂದು, "ಇದೇನ್ ಹಚ್ಚಿದೆಪಾ? ಸಾಲಿಗೊಂದು ವಾದ್ಯ, ಸಾಲಿಗೊಂದು ವಾದ್ಯ. ಪದ ಎಲ್ಲಿ ಕೂಡಬೇಕು ಇದರಾಗ? ಮೊದಲಿನಂಗ ಇಲ್ಲ ಬಿಡು" ಎಂದರು. ಕಾಕಾ ಸುಮ್ಮನಾಗುವವನಲ್ಲ. "ಈ ಹಾಡು ಸೊಲ್ಲಾಪುರದ ಚಾಳಿನ್ಯಾಗ ಕೇಳಿದಾಗ ನನ್ನ ಕಣ್ಣಾಗ ನೀರು ಬಂದಾವ. ನಿಮ್ಮ ಡಗ್ಗಾ ಅಲ್ಲಿತನಕ ಬರ್ತದೇನ್ರಿ?" ಎಂದ. ಎಲಿ ಅಡಕಿ ಮುಗಿಯುವವರೆಗೂ ವಾದ ಮುಗಿಯಲಿಲ್ಲ. ಮುಗಿದ ಮೇಲೆ ಅದೇ ಹಿರಿಯರು, ಆ ಮೂರನೇ ಪದ ಇನ್ನೊಮ್ಮೆ ಹಚ್ಚು ಎಂದರು. ಕೇಳುತ್ತಾ ಕೇಳುತ್ತಾ ಅವರ ಬೆರಳು ಮೊಣಕಾಲಿನ ಮೇಲೆ ತಾಳ ಹಾಕತೊಡಗಿದ್ದನ್ನು ನಾವೆಲ್ಲ ನೋಡಿದೆವು.

ಹಾಡಿಗೆ ಹಾಡು ಬೆರೆಸುವುದಕ್ಕೆ ನಮ್ಮೂರು ಹೊಸದಾಗಿ ಕಲಿಯಬೇಕಾದ್ದು ಏನೂ ಇರಲಿಲ್ಲ. ಗುರುಚರಿತ್ರೆಯಲ್ಲಿ ಬರುವ ಸಾಯಂದೇವ ಕಡಗಂಚಿಯವನು. ಅವನ ವಂಶದ ಸರಸ್ವತೀ ಗಂಗಾಧರ ಬರೆದ ಆ ಮರಾಠಿ ಗ್ರಂಥದ ನಡುವೆ ಕನ್ನಡದ ಪದವೂ ಇದೆ. ಗಾಣಗಾಪುರಕ್ಕೆ ಹೊರಟ ಮಹಾರಾಷ್ಟ್ರದ ಭಕ್ತರು ನಮ್ಮೂರಲ್ಲಿ ಇಳಿದು ಮರಾಠಿ ಆರತಿ ಹಾಡಿದರೆ ನಾವು ಹಿಂದೆ ನಿಂತು ಗಂಟೆ ಬಾರಿಸುತ್ತಿದ್ದೆವು. ಮೊಹರಂ ಬಂದರೆ ಹಲಗಿ ಕಾಯಿಸಿ ಬಡಿಯುವವರ ಸುತ್ತ ಹೆಜ್ಜೆ ಹಾಕುತ್ತಾ ಕನ್ನಡದಲ್ಲೇ ರಿವಾಯತ್ ಪದ ಹೇಳುವವರಲ್ಲಿ ಲಿಂಗಾಯತರ ಹುಡುಗರು, ಕುರುಬರ ಹುಡುಗರು, ಮುಸಲರ ಹುಡುಗರು ಎಲ್ಲರೂ. ಚೊಂಗೆ ರೊಟ್ಟಿಯ ತುಪ್ಪ ಬೆಲ್ಲದ ವಾಸನೆ ಓಣಿ ತುಂಬುತ್ತಿತ್ತು. ಆಳಂದದ ಲಾಡ್ಲೆ ಮಶಾಕರ ಉರುಸಿಗೆ ಹೋದರೆ ಖವಾಲಿ. ಇಷ್ಟೆಲ್ಲ ಕೇಳಿ ಬೆಳೆದ ಕಿವಿಗಳು ನಮ್ಮವು.

ಹೀಗಿದ್ದಾಗ 2008ರಲ್ಲಿ ಗಾಯಕ ರಘು ದೀಕ್ಷಿತರ 'ಅಂತರಾಗ್ನಿ' ಆಲ್ಬಮ್ ಬಂತು. ನಾವು ಆಗ ಕಾಲೇಜು ಮುಗಿಸಿ ಗುಲ್ಬರ್ಗಾ, ಪುಣೆ, ಬೆಂಗಳೂರು ಎಂದು ಚದುರಿದ್ದೆವು. ಬೆಂಗಳೂರು ಸೇರಿದ್ದ ಅತ್ತಿಯ ಮಗ ಎಳ್ಳಾಮಾಸಿಗೆ ಊರಿಗೆ ಬಂದಾಗ ಫೋನಿನ ಮೆಮೊರಿ ಕಾರ್ಡಿನಲ್ಲಿ ಅದನ್ನು ತಂದಿದ್ದ. ಹೊಲದಲ್ಲಿ ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಭಜ್ಜಿಪಲ್ಯ, ಅಂಬಲಿ, ಕಡಬು ಉಂಡು ಮರದ ನೆರಳಿಗೆ ಒರಗಿದ ಹೊತ್ತಿನಲ್ಲಿ, ಪಕ್ಕದಲ್ಲೇ ಹಸಿ ಕಡಲೆಯ ಹುಳಿ ವಾಸನೆ ಬರುತ್ತಿದ್ದಾಗ, ಆ ಸಣ್ಣ ಫೋನನ್ನು ಖಾಲಿ ಹಿತ್ತಾಳಿ ತಂಬಿಗಿಯೊಳಗೆ ಇಳಿಸಿ ಹಚ್ಚಿದ. ತಂಬಿಗಿ ದನಿಯನ್ನು ದೊಡ್ಡದು ಮಾಡಿ ಕೊಟ್ಟಿತು. ಗಿಟಾರು, ಡ್ರಮ್ಮು, ಪಿಟೀಲು, ಅದರ ಮೇಲೆ ಎದೆ ತುಂಬಿ ಬರುವ ಒಂದು ಗಂಡು ದನಿ. ಹಾಡಿದ್ದು ಶರೀಫಜ್ಜನ ಗುಡುಗುಡಿಯ ಪದ. ಆಮೇಲೆ ಅದೇ ಸೋರುವ ಮಾಳಿಗಿ. ನಮಗೆಲ್ಲ ಮೈ ಜುಮ್ ಎಂದಿತು. ಬೆಂಗಳೂರಿನ ಇಂಗ್ಲಿಷು ಮಾತಾಡುವ ಹುಡುಗರ ನಡುವೆ ನಮ್ಮ ಮಾತಿನ ಧಾಟಿ ಕೇಳಿ ನಗುವವರನ್ನು ನೋಡಿ ಬಾಯಿ ಮುಚ್ಚಿಕೊಂಡಿದ್ದ ಅತ್ತಿಯ ಮಗನಿಗೆ, ಅದೇ ಹುಡುಗರು ಆ ಉತ್ತರ ಕರ್ನಾಟಕದ ಪದವನ್ನು ಬಾಯಿಪಾಠ ಮಾಡಿ ಕುಣಿಯುವುದನ್ನು ನೋಡಿದ ದಿನ ಎಷ್ಟು ಖುಷಿಯಾಗಿತ್ತೆಂದರೆ, ಅದನ್ನು ಹೇಳುವಾಗ ಅವನ ದನಿ ನಡುಗುತ್ತಿತ್ತು.

ಮುತ್ಯಾ ಆಗ ಇದ್ದ. ಹಲ್ಲು ಹೋಗಿದ್ದವು, ಕಿವಿ ಇತ್ತು. ಪೂರಾ ಕೇಳಿದ. ಎಲ್ಲರೂ ಅವನ ಮುಖವನ್ನೇ ನೋಡುತ್ತಿದ್ದೆವು. "ತಾಳ ಓಡ್ಲಿಕತ್ತಾದ. ಆದ್ರ ಪದ ಬಿದ್ದಿಲ್ಲ, ಕುಂತಾದ" ಎಂದ. ಅಷ್ಟೇ. ಆಯಿ ಮಾತ್ರ, "ಪಿಟೀಲಿನವ ಯಾರಪಾ, ಅಗದೀ ಜೀವಕ್ಕ ಹತ್ತಂಗ ಬಾರಸ್ತಾನ" ಎಂದಳು. ಕಾಕಾ ಒಪ್ಪಲಿಲ್ಲ. ಸೆಲ್ಲು ಬಿಸಿಲಿಗಿಟ್ಟು ಅಶ್ವಥ್ ಅವರನ್ನು ಉಳಿಸಿಕೊಂಡವನು ಅವನು. "ಅಶ್ವಥ್ ಹಾಡಿದ್ರ ಪದದ ಅರ್ಥ ಎದಿಗೆ ನಾಟ್ತಿತ್ತು. ಇದು ಕುಣಿಲಿಕ್ಕ ಛೊಲೊ ಅದ. ಮೊದಲಿನಂಗ ಇಲ್ಲ ಬಿಡು" ಎಂದ. ಆ ಮಾತು ಎಷ್ಟೋ ವರ್ಷದ ಹಿಂದೆ ಅವನಿಗೆ ಯಾರೋ ಹೇಳಿದ್ದು. ನಾವು ಅದನ್ನು ನೆನಪಿಸಿದೆವು. ಅವನು ನಗಲಿಲ್ಲ, ಸಿಟ್ಟಾಗಲಿಲ್ಲ, ಸ್ವಲ್ಪ ಹೊತ್ತು ಕಡಲೆ ಗಿಡ ಕೀಳುತ್ತಾ ಕೂತ. ಮರುವರ್ಷ 2009ರ ಡಿಸೆಂಬರ್ 29ಕ್ಕೆ ಅಶ್ವಥ್ ತೀರಿಕೊಂಡರು. ಅದು ಅವರು ಹುಟ್ಟಿದ ದಿನವೂ ಹೌದು. ಅವತ್ತು ಕಾಕಾ ಟೇಪನ್ನು ಗಲ್ಲೇಪಿನಿಂದ ತೆಗೆದು ಒರೆಸಿ ಇಡೀ ಕ್ಯಾಸೆಟ್ಟು ಎರಡೂ ಮಗ್ಗಲು ಹಚ್ಚಿದ.

ರಘು ದೀಕ್ಷಿತರ ಬ್ಯಾಂಡು ಮಾತ್ರ ದೊಡ್ಡದಾಗುತ್ತಲೇ ಹೋಯಿತು. 2010ರಲ್ಲಿ ಇಂಗ್ಲೆಂಡಿನ ಟೀವಿಯಲ್ಲಿ ಜೂಲ್ಸ್ ಹಾಲೆಂಡರ ಕಾರ್ಯಕ್ರಮಕ್ಕೆ ಹೋದರು, 2011ರಲ್ಲಿ ಗ್ಲಾಸ್ಟನ್‌ಬರಿ ಹಬ್ಬದಲ್ಲಿ ಹಾಡಿದರು, ಅದೇ ವರ್ಷ 'ಸಾಂಗ್‌ಲೈನ್ಸ್' ಪತ್ರಿಕೆಯವರ ಹೊಸ ಕಲಾವಿದರ ಪ್ರಶಸ್ತಿ ಬಂತು. ಲುಂಗಿ ಉಟ್ಟು, ಕಾಲಿಗೆ ಗೆಜ್ಜಿ ಕಟ್ಟಿ, ಬಿಳಿ ಜನರ ಮುಂದೆ ನಮ್ಮ ಶರೀಫಜ್ಜನನ್ನು ಹಾಡಿದ ವಿಡಿಯೊವನ್ನು ಆಳಂದದ ಮೊಬೈಲ್ ಅಂಗಡಿಯವನು ಕಾರ್ಡಿಗೆ ಹಾಕಿಕೊಡುತ್ತಿದ್ದ, ನಾವು ಅದನ್ನು ಮನೆಮನೆಗೆ ಒಯ್ದು ತೋರಿಸುತ್ತಿದ್ದೆವು. ಭರತನಾಟ್ಯ ಕಲಿತವನಂತೆ ಅಂವ, ಅದಕ್ಕೆ ಗೆಜ್ಜಿ ಕಟ್ಟಿದರ ಖರೇ ಕುಣಿತಾನ ಎಂದು ಅಕ್ಕಂದಿರು ಹೇಳಿಕೊಳ್ಳುತ್ತಿದ್ದರು. ರಘು ಅವರ ತಮ್ಮ ವಾಸು ದೀಕ್ಷಿತ್ ಹಾಡುತ್ತಿದ್ದ 'ಸ್ವರಾತ್ಮ' ಬ್ಯಾಂಡಿನ ಹಾಡುಗಳೂ ಅದೇ ಕಾರ್ಡಿನಲ್ಲಿ ಹಿಂದೆಯೇ ಬಂದವು, ಕುದುರಿ ವೇಷ ತೊಟ್ಟು ವೇದಿಕೆಗೆ ಬರುವ ಅವರನ್ನು ನೋಡಿ ನಮ್ಮ ಮನೆಯ ಸಣ್ಣ ಮಕ್ಕಳು ಹೊರಸಿನ ನುಲಿ ಹಗ್ಗ ಸೊಂಟಕ್ಕೆ ಕಟ್ಟಿಕೊಂಡು ಅಂಗಳವೆಲ್ಲ ಓಡಿದರು.

2013ರಲ್ಲಿ ರಘು ದೀಕ್ಷಿತರ 'ಜಗ್ ಚಂಗಾ' ಆಲ್ಬಮ್ ಬಂತು. ಜಗಳ ಈಗ ಮುತ್ಯಾ ಕಾಕಾರದಲ್ಲ, ನಮ್ಮದೇ. ತೊಗರಿ ರಾಶಿಗೆ ಎಲ್ಲರೂ ಊರಿಗೆ ಬಂದಿದ್ದ ಸಮಯ. ಕಣದಲ್ಲಿ ತೊಗರಿಯ ಸಣ್ಣ ಹೊಟ್ಟು ಹಾರಿ ಕುತ್ತಿಗೆ, ಮೊಣಕೈಗೆಲ್ಲ ತುರಿಕೆ. ರಾತ್ರಿ ರಾಶಿ ಕಾಯಲು ತೊಗರಿ ಕಟಗಿಯ ಬೆಂಕಿ ಹಾಕಿ, ಕೌದಿ ಹೊದ್ದು ಸುತ್ತ ಕೂತು ಕೇಳಿದೆವು. ಸದ್ದು ತುಂಬಿಕೊಂಡಿತ್ತು, ನಯವಾಗಿತ್ತು, ಹಿಂದಿ ಹಾಡುಗಳ ನಡುವೆ ನಮ್ಮ 'ಲೋಕದ ಕಾಳಜಿ'ಯೂ ಇತ್ತು. ಅತ್ತಿಯ ಮಗನೇ ಮೊದಲು ಮುಖ ಸಣ್ಣದು ಮಾಡಿದ. ಮೊದಲನೇದರಲ್ಲಿ ಒಂದು ಹಸಿ ಗಾಯ ಇತ್ತು, ಇದರಲ್ಲಿ ಎಲ್ಲ ತೊಳೆದು ಇಸ್ತ್ರಿ ಮಾಡಿ ಇಟ್ಟಾರ ಎಂದ. ಸಿನಿಮಾಕ್ಕೆ ಸಂಗೀತ ಮಾಡಲು ಹೋದ ಮೇಲೆ ಹೀಗಾಗಿದೆ ಎಂದು ಒಬ್ಬರು. ಬ್ಯಾಂಡಿನ ಹಳಬರು ಹೋಗಿ ಹೊಸಬರು ಬಂದರೆ ಸದ್ದು ಬದಲಾಗದೆ ಏನಾದೀತು ಎಂದು ಇನ್ನೊಬ್ಬರು. ಪುಣೆಯಿಂದ ಬಂದಿದ್ದ ತಂಗಿಗೆ ಮಾತ್ರ ಎಲ್ಲಿಲ್ಲದ ಸಿಟ್ಟು. "ಅಂವ ಹತ್ತ ವರ್ಷ ಅದೇ ಎರಡು ಪದ ಹಾಡಕೋತ ನಿಂದರಬೇಕೇನು? ನೀವೆಲ್ಲ ಊರು ಬಿಟ್ಟು ಹೋಗಿ ಬದಲಾದಿರಿ. ನಿಮ್ಮ ಹಾಡು ಮಾತ್ರ ಊರಾಗೇ ಕುಂತಿರಬೇಕು, ಅಲ್ಲಾ?" ಎಂದಳು. ಯಾರಿಗೂ ಮಾತು ಹೊರಡಲಿಲ್ಲ. ಬೆಂಕಿಗೆ ಇನ್ನೊಂದು ಹಿಡಿ ಕಟಗಿ ಹಾಕಿದೆವು, ಅದು ಚಟಚಟ ಎಂದು ಹತ್ತಿಕೊಂಡಿತು, ಹಾಡನ್ನು ಮೊದಲಿಂದ ಹಚ್ಚಿದೆವು, ವಾದವನ್ನೂ ಮೊದಲಿಂದ ಶುರು ಮಾಡಿದೆವು.

ಇದು ನಮ್ಮ ಕಣದ ಜಗಳವಷ್ಟೇ ಅಲ್ಲ ಎನ್ನುವುದು ಆಮೇಲೆ ಓದಿ ತಿಳಿಯಿತು. 1965ರಲ್ಲಿ ಅಮೆರಿಕದ ನ್ಯೂಪೋರ್ಟ್ ಜಾನಪದ ಹಬ್ಬದಲ್ಲಿ ಬಾಬ್ ಡಿಲನ್ ಕರೆಂಟಿನ ಗಿಟಾರು ಹಿಡಿದು ನಿಂತಾಗ ಅವರನ್ನು ಪ್ರೀತಿಸುತ್ತಿದ್ದ ಜನರ ನಡುವಿನಿಂದಲೇ ಕೂಗಾಟ ಎದ್ದಿತ್ತು. ಮೆಚ್ಚದವರಿಗೆ ಇಂಥ ಸಿಟ್ಟು ಬರುವುದಿಲ್ಲ. ನಮ್ಮದು ಎಂದುಕೊಂಡವರಿಗೇ, ನಮ್ಮ ಮನೆಯದು ನಮ್ಮನ್ನು ಕೇಳದೆ ಹೊಸ್ತಿಲು ದಾಟಿತಲ್ಲ ಎನ್ನಿಸುವುದು. ಶರೀಫಜ್ಜ 1819ರಲ್ಲಿ ಹುಟ್ಟಿ 1889ರಲ್ಲಿ ಹೋದವನು. ಮುಸಲರ ಮನೆಯ ಮಗ, ಕಳಸದ ಗೋವಿಂದಭಟ್ಟರ ಶಿಷ್ಯ. ಅವನ ಪದ ಯಾವ ಕಾಲದಲ್ಲಿ ಯಾವ ಹೊಸ್ತಿಲು ದಾಟದೆ ಉಳಿದಿತ್ತು ಹೇಳಿ. ಗುಡಿಯಿಂದ ಬೀಸುಕಲ್ಲಿಗೆ, ಬೀಸುಕಲ್ಲಿನಿಂದ ಟೇಪಿಗೆ, ಟೇಪಿನಿಂದ ತಂಬಿಗಿಯೊಳಗಿನ ಫೋನಿಗೆ ಅದು ಬಂದದ್ದು, ಪ್ರತಿ ಹೊಸ್ತಿಲಲ್ಲೂ ಒಬ್ಬರು ಅಡ್ಡ ನಿಂತು ಮೊದಲಿನಂಗ ಇಲ್ಲ ಎಂದದ್ದಕ್ಕೆ, ಇನ್ನೊಬ್ಬರು ಅವರ ಕೈ ಹಿಡಿದು ಕೂರಿಸಿ ಇನ್ನೊಮ್ಮೆ ಕೇಳ್ರಿ ಎಂದದ್ದಕ್ಕೆ.

ಈಗ ಊರ ಸೀಮೆಯಲ್ಲಿ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಇದೆ. ನಾವು ದನ ಮೇಯಿಸಿದ ಕಡೆಯಲ್ಲೆಲ್ಲ ಕೇರಳದ, ಬಿಹಾರದ, ಒಡಿಶಾದ ಮಕ್ಕಳು ಚೀಲ ಹೆಗಲಿಗೆ ಹಾಕಿಕೊಂಡು ಓಡಾಡುತ್ತಾರೆ. ಆಳಂದ ರಸ್ತೆಯ ಚಹಾದಂಗಡಿಯಲ್ಲಿ ಒಬ್ಬ ಮಲಯಾಳಿ ಹುಡುಗ ಸುಸಲಾ ತಿನ್ನುತ್ತಾ ಶರೀಫಜ್ಜನ ಪದ ಗುನುಗುವುದನ್ನು ಕೇಳಿ ನಾವು ಹೋಗಿ ಮಾತಾಡಿಸಿದ್ದುಂಟು. ಅವನಿಗೆ ಕನ್ನಡ ಬಾರದು, ಪದದ ಅರ್ಥ ತಿಳಿಯದು, ರಘು ದೀಕ್ಷಿತರ ಹಾಡು ಎಂದಷ್ಟೇ ಗೊತ್ತು. ಅರ್ಥ ಹೇಳಿದೆವು. ಅವನು ಕಿವಿಯಿಂದ ಒಂದು ಗುಂಡಿ ತೆಗೆದು ನಮ್ಮ ಕಡೆ ಚಾಚಿದ. ಮುತ್ಯಾ ಇದ್ದಿದ್ದರೆ ಈ ಹುಡುಗನನ್ನು ಮನೆಗೆ ಕರೆದೊಯ್ದು ರೊಟ್ಟಿ ಹಾಕಿಸಿ, ರಾತ್ರಿ ಭಜನಿಗೆ ಕೂರಿಸಿ, ಕೈಗೆ ತಾಳ ಕೊಡುತ್ತಿದ್ದ.

ಮುತ್ಯಾ ಇಲ್ಲ, ಆಯಿ ಇಲ್ಲ. ಬೀಸುಕಲ್ಲು ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಬಿದ್ದಿದೆ, ಮ್ಯಾಲಿನದು ಒಂದು ಕಡೆ, ಕೆಳಗಿನದು ಒಂದು ಕಡೆ. ಮಣ್ಣಿನ ಮಾಳಿಗಿ ಕೆಡವಿ ಆರ್‌ಸಿಸಿ ಹಾಕಿಸಿದೆವು, ಈಗ ಎಷ್ಟು ಮಳೆ ಬಂದರೂ ಎಲ್ಲೂ ಸೋರುವುದಿಲ್ಲ, ಬೋಗುಣಿ ಪರಾತ ಎಲ್ಲ ಅಡುಗಿ ಮನೆಯಲ್ಲೇ ಇರುತ್ತವೆ. ತೊಗರಿ ಕಟಗಿ ಉರಿಸುವವರು ಕಡಿಮೆ, ಎಲ್ಲರ ಮನೆಯಲ್ಲೂ ಗ್ಯಾಸು. ರಾಶಿಯನ್ನು ಮಷೀನು ಒಂದೇ ಹಗಲಲ್ಲಿ ಮುಗಿಸುತ್ತದೆ, ಕಾಯಲು ರಾತ್ರಿ ಕೂರುವ ಕೆಲಸವಿಲ್ಲ. ಹಬ್ಬಕ್ಕೆ ಎಲ್ಲರೂ ಬರುತ್ತೇವೆ, ಉಣ್ಣುತ್ತೇವೆ, ಆಮೇಲೆ ಒಬ್ಬೊಬ್ಬರು ಒಂದೊಂದು ಮೂಲೆಯಲ್ಲಿ ಕಿವಿಗೆ ತಂತಿ ಸಿಗಿಸಿಕೊಂಡು ಕೂರುತ್ತೇವೆ. ಅತ್ತಿಯ ಮಗ ಯಾವ ಹಾಡು ಕೇಳುತ್ತಿದ್ದಾನೋ ತಂಗಿಗೆ ಗೊತ್ತಿಲ್ಲ. ತಂಗಿ ಕೇಳುವುದು ಕಾಕಾನಿಗೆ ಗೊತ್ತಿಲ್ಲ. ಯಾವ ಬ್ಯಾಂಡು ಬದಲಾಯಿತು, ಯಾವುದು ಹಾಳಾಯಿತು, ಯಾವುದು ಬೆಳೆಯಿತು, ಯಾರೂ ಯಾರನ್ನೂ ಕೇಳುವುದಿಲ್ಲ. ಹೋದ ಹಬ್ಬಕ್ಕೆ ಕಾಕಾ ನಮ್ಮನ್ನೆಲ್ಲ ಒಂದು ಸುತ್ತು ನೋಡಿ, "ಏನ್ ಕೇಳ್ಲಿಕತ್ತೀರಿ, ಒಂದೀಟು ಹೊರಗ ಹಚ್ರಲ್ಲ, ನಾನೂ ಬೈತೀನಿ" ಎಂದ.

ಹಚ್ಚಿದೆವು. ಬೈದ. ಅವನು ಬೈದದ್ದಕ್ಕೆ ತಂಗಿ ಎದುರು ಹೇಳಿದಳು, ಪಕ್ಕದ ಮನೆಯವರು ಬಂದು ಬಾಗಿಲಲ್ಲಿ ನಿಂತರು, ಚಹಾ ಎರಡು ಸಲ ಆಯಿತು, ನಮ್ಮ ಮಕ್ಕಳು ಅದೇ ಮೊದಲ ಸಲ ಆ ಪದವನ್ನು ಕಿವಿಗೊಟ್ಟು ಕೇಳಿದರು.

ಅದಕ್ಕೇ ಹೇಳುತ್ತೇನೆ. ಈ ಸಲ ನೀವು ಊರಿಗೆ ಹೋದಾಗ, ನಿಮ್ಮ ಊರು ಆಳಂದ ಸೀಮೆಯಲ್ಲೇ ಇರಲಿ, ಬೇರೆ ಎಲ್ಲೇ ಇರಲಿ, ನಿಮಗೆ ಜೀವವಾದ ಹಾಡನ್ನು ಕಿವಿಯೊಳಗೆ ಕೇಳಬೇಡಿ, ಪಡಸಾಲಿಯಲ್ಲಿ ಎಲ್ಲರಿಗೂ ಕೇಳುವಂತೆ ಹಚ್ಚಿ. ಹಿರಿಯರೊಬ್ಬರು ಮೊದಲಿನಂಗ ಇಲ್ಲ ಬಿಡು ಅನ್ನಲಿ, ಅನ್ನಿಸಿಕೊಳ್ಳಿ. ಎದ್ದು ಹೋಗಬೇಡಿ, ಕೂತು ಜಗಳ ಮಾಡಿ. ನಮ್ಮ ಮನೆಯಲ್ಲಿ ಶರೀಫಜ್ಜನ ಪದ ಉಳಿದದ್ದು ಹೀಗೆ ಮಾತ್ರ.